ರೈಲ್ವೆಗೆ ದುಡ್ಡು ಬಂತು ಸರಿ, ಲೆಕ್ಕ ಕೇಳೋರು ಯಾರು?

2023ರ ಫೆಬ್ರವರಿ 8ನೇ ತಾರೀಕು ಸಂಜೆ ಮೈಸೂರು ಡಿವಿಜನ್‌ನ ಹೊಸದುರ್ಗ ರೋಡ್ ಸ್ಟೇಷನ್ನಲ್ಲಿ ಒಂದು ಘಟನೆ ಆಯ್ತು. ಯಾರೂ ಸಾಯಲಿಲ್ಲ, ಬೋಗಿ ಉರುಳಲಿಲ್ಲ, ಅದಕ್ಕೇ ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿಗೆ ಹೊರಡೋಕೆ ಪೇಪರ್ ಕೊಟ್ಟಿದ್ದು ಒಂದು ಲೈನಿಗೆ, ಪಾಯಿಂಟ್ ಅಂದ್ರೆ ಗಾಡಿನ ಒಂದು ಹಳಿಯಿಂದ ಇನ್ನೊಂದು ಹಳಿಗೆ ಹೊರಳಿಸೋ ಜೋಡಣೆ ತಿರುಗಿದ್ದು ಇನ್ನೊಂದು ಲೈನಿಗೆ. ಲೋಕೋ ಪೈಲಟ್ ಹುಷಾರಾಗಿದ್ರು, ಗಾಡಿ ತಪ್ಪು ಹಳಿ ಕಡೆ ಹೊರಳ್ತಿದೆ ಅಂತ ಗೊತ್ತಾದ ಕೂಡಲೇ ಬ್ರೇಕ್ ಹಾಕಿ ನಿಲ್ಲಿಸಿದ್ರು, ಅಷ್ಟೇ. ಮಾರನೇ ದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಆಪರೇಷನ್ಸ್ ಮ್ಯಾನೇಜರ್ ಒಂದು ಪತ್ರ ಬರೆದ್ರು, ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪ ಇದೆ, ತಕ್ಷಣ ಸರಿ ಮಾಡದಿದ್ರೆ ಇದೇ ಮತ್ತೆ ಆಗುತ್ತೆ, ದೊಡ್ಡ ಅಪಘಾತಕ್ಕೆ ದಾರಿ ಆಗುತ್ತೆ ಅನ್ನೋದು ಅದರ ಸಾರ.

ನಾಲ್ಕು ತಿಂಗಳು ಕೂಡ ಆಗಿರಲಿಲ್ಲ. ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಗಾ ಬಜಾರ್ ಸ್ಟೇಷನ್ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೇನ್ ಲೈನಿಗೆ ಹಸಿರು ಸಿಗ್ನಲ್ ಬಿತ್ತು, ಆದ್ರೆ ಪಾಯಿಂಟ್ ಇದ್ದದ್ದು ಪಕ್ಕದಲ್ಲಿ ಗಾಡಿ ನಿಲ್ಲಿಸೋ ಲೂಪ್ ಲೈನ್ ಕಡೆಗೆ. ಗಂಟೆಗೆ ಹೆಚ್ಚುಕಮ್ಮಿ 128 ಕಿಲೋಮೀಟರ್ ಸ್ಪೀಡಲ್ಲಿದ್ದ ಗಾಡಿ ಸೀದಾ ಹೋಗಿ ಕಬ್ಬಿಣದ ಅದಿರು ತುಂಬಿಕೊಂಡು ನಿಂತಿದ್ದ ಗೂಡ್ಸಿಗೆ ಗುದ್ದಿತು, ಹಳಿ ತಪ್ಪಿದ ಬೋಗಿಗಳು ಪಕ್ಕದ ಲೈನಲ್ಲಿ ಹೋಗ್ತಿದ್ದ ಬೆಂಗಳೂರು ಹೌರಾ ಎಕ್ಸ್‌ಪ್ರೆಸ್ಸಿನ ಕೊನೆ ಬೋಗಿಗಳಿಗೆ ಬಡಿದವು. ಸತ್ತವರು 290ಕ್ಕೂ ಹೆಚ್ಚು.

ಹೊಸದುರ್ಗದ ಪತ್ರಕ್ಕೂ ಬಹನಗಾಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಎರಡೂ ಬೇರೆ ಬೇರೆ ಝೋನ್. ಆದ್ರೆ ದೊಡ್ಡ ಅಪಘಾತಗಳ ವಿಚಾರಣೆ ಮಾಡೋ ರೈಲ್ವೆ ಸುರಕ್ಷತಾ ಆಯುಕ್ತರು ಬಹನಗಾ ಬಗ್ಗೆ ನಡೆಸಿದ ತನಿಖೆಯಲ್ಲೇ ಬಂದ ಇನ್ನೊಂದು ವಿಷಯ ಇದೆ ನೋಡಿ, ಬಹನಗಾ ಸೇರಿರೋ ಆಗ್ನೇಯ ರೈಲ್ವೆಯ ಖರಗ್‌ಪುರ ಡಿವಿಜನ್ನಿನ ಬಾಂಕ್ರಾ ನಯಾಬಾಜ್ ಸ್ಟೇಷನ್ನಲ್ಲಿ 2022ರ ಮೇ 16ಕ್ಕೆ ಇದೇ ಥರ ತಪ್ಪು ವೈರಿಂಗಿಂದ ಗಾಡಿ ತಪ್ಪು ಲೈನಿಗೆ ಹೋಗಿತ್ತು. ಅವತ್ತೇ ಸರಿಪಡಿಸಿದ್ರೆ ಬಹನಗಾ ಆಗ್ತಾನೇ ಇರಲಿಲ್ಲ ಅಂತ ವರದಿಯಲ್ಲೇ ಬರೆದಿದ್ದಾರೆ. ಅಂದ್ರೆ ಒಂದು ವರ್ಷ ಮುಂಚೆ ಅದೇ ಡಿವಿಜನ್‌ನಲ್ಲಿ ಎಚ್ಚರಿಕೆ ಸಿಕ್ಕಿತ್ತು. ಸಿಕ್ಕ ಎಚ್ಚರಿಕೆನ ಯಾರು ಕೈಗೆ ತಗೊಂಡ್ರು, ತಗೊಂಡಿಲ್ಲ ಅಂದ್ರೆ ಯಾಕೆ ಅಂತ ಹೊರಗಿಂದ ಕೇಳೋ ಅಧಿಕಾರ ಯಾರಿಗಿತ್ತು? ಈ ಲೇಖನ ಇರೋದೇ ಆ ಪ್ರಶ್ನೆ ಮೇಲೆ. ಯಾಕಂದ್ರೆ ರೈಲ್ವೆ ಬಗ್ಗೆ ಮಾತು ಬಂದಾಗೆಲ್ಲ ಒಂದು ಕಡೆಯವರು ದುಡ್ಡು ಕೊಡಲ್ಲ ಅಂತಾರೆ, ಇನ್ನೊಂದು ಕಡೆಯವರು ನೋಡಿ ಎಷ್ಟು ಲಕ್ಷ ಕೋಟಿ ಕೊಟ್ಟಿದೀವಿ ಅಂತಾರೆ, ಎರಡು ಕಡೆಯವರೂ ಉಸ್ತುವಾರಿ ಬಗ್ಗೆ ಬಾಯಿ ಬಿಡಲ್ಲ.

ಮೊದಲು ಬಹನಗಾದಲ್ಲಿ ಏನಾಯ್ತು ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡೋಣ, ಆಮೇಲೆ ಉಳಿದದ್ದು ಅರ್ಥ ಆಗುತ್ತೆ. ಸ್ಟೇಷನ್ ಹತ್ರ 94ನೇ ನಂಬರಿನ ಲೆವೆಲ್ ಕ್ರಾಸಿಂಗ್ ಗೇಟ್ ಇತ್ತು, ಅದರ ಎಲೆಕ್ಟ್ರಿಕ್ ಬ್ಯಾರಿಯರ್ ಬದಲಾಯಿಸೋ ಕೆಲಸ ಅವತ್ತು ನಡೀತಿತ್ತು. ಹಳಿ ಪಕ್ಕದಲ್ಲಿ ಲೋಕೇಶನ್ ಬಾಕ್ಸ್ ಅಂತ ಇರುತ್ತಲ್ಲ, ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಟರ್ಮಿನಲ್‌ಗಳ ಸಾಲು, ಒಂದೊಂದಕ್ಕೂ ಒಂದು ಹೆಸರು ಬರೆದಿರ್ತಾರೆ, ಈ ವೈರು ಇದರದ್ದು ಅಂತ. ಬಹನಗಾದಲ್ಲಿ 2018ರಲ್ಲಿ ಸರ್ಕ್ಯೂಟ್ ಬದಲಾವಣೆ ಮಾಡಿದಾಗ ಆದ ತಪ್ಪು ಹಾಗೇ ಉಳಿದಿತ್ತು, ಪೆಟ್ಟಿಗೆ ಒಳಗಿನ ಹೆಸರು ಒಂದು, ವೈರ್ ಮಾಡ್ತಿದ್ದ ಕೆಲಸ ಇನ್ನೊಂದು. ಐದು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ. ಜೂನ್ 2ಕ್ಕೆ ಅದೇ ಹೆಸರು ನಂಬ್ಕೊಂಡು ಕನೆಕ್ಷನ್ ಕೊಟ್ರು, ಪಾಯಿಂಟ್ ನಿಜವಾಗಿ ಲೂಪ್ ಕಡೆಗಿದ್ರೂ ಸಿಸ್ಟಮ್ಮಿಗೆ ಮೇನ್ ಲೈನ್ ಅಂತಾನೇ ಕಾಣಿಸ್ತು, ಸ್ಟೇಷನ್ ಮಾಸ್ಟರ್ ಪ್ಯಾನೆಲ್ ಮೇಲೂ ಅಷ್ಟೇ. ಇಂಟರ್‌ಲಾಕಿಂಗ್ ಅನ್ನೋದು, ಅಂದ್ರೆ ಪಾಯಿಂಟ್ ಇರೋ ಕಡೆಗೇ ಸಿಗ್ನಲ್ ಬೀಳೋ ಹಾಗೆ ಎರಡನ್ನೂ ಜೋಡಿಸಿರೋ ವ್ಯವಸ್ಥೆ, ಇರೋದೇ ಇಂಥ ತಪ್ಪು ಆಗದಿರಲಿ ಅಂತ, ಆದ್ರೆ ಅದಕ್ಕೆ ಸುಳ್ಳು ಮಾಹಿತಿ ಕೊಟ್ರೆ ಅದು ಆ ಸುಳ್ಳನ್ನೇ ಸತ್ಯ ಅಂತ ನಂಬುತ್ತೆ.

ಮುಂದೇನಾಯ್ತು? 2023ರ ಜುಲೈನಲ್ಲಿ ಸಿಬಿಐ ಮೂರು ಜನ ರೈಲ್ವೆ ನೌಕರರನ್ನ ಅರೆಸ್ಟ್ ಮಾಡ್ತು, ಕೆಲಸದ ಮಟ್ಟದಲ್ಲಿ ಇದ್ದವರು. ಸುರಕ್ಷತಾ ಆಯುಕ್ತರ ವರದಿನ ಮಾತ್ರ ಆಗ ರೈಲ್ವೆ ಬಹಿರಂಗ ಮಾಡಲಿಲ್ಲ, ಸಿಬಿಐ ತನಿಖೆ ನಡೀತಿದೆ ಅನ್ನೋದು ಕಾರಣ. ಅದರಲ್ಲಿದ್ದ ವಿಷಯ ಜನಕ್ಕೆ ತಲುಪಿದ್ದು ಪೇಪರಿನವರ ಮೂಲಕ.

ಈ ಆಯುಕ್ತರು ಯಾರು ಅಂತ ನಮ್ಮ ಬೆಂಗಳೂರಿನವರಿಗೆ ಗೊತ್ತಿದ್ದೇ ಇರುತ್ತೆ. ನಮ್ಮ ಮೆಟ್ರೋ ಹಳದಿ ಮಾರ್ಗ ಶುರು ಆಗೋಕೆ ಮುಂಚೆ ಸಿಆರ್‌ಎಸ್ ಕ್ಲಿಯರೆನ್ಸ್ ಯಾವಾಗ, ಸಿಆರ್‌ಎಸ್ ಬಂದ್ರಾ, ಅಂತ ಪೇಪರಲ್ಲಿ ದಿನಾ ಬರ್ತಿತ್ತಲ್ಲ, ಅದೇ ಸಿಆರ್‌ಎಸ್, ರೈಲ್ವೆ ಸುರಕ್ಷತಾ ಆಯುಕ್ತರು. ಹೊಸ ಲೈನ್ ಓಪನ್ ಮಾಡೋಕೆ ಅವರ ಒಪ್ಪಿಗೆ ಬೇಕು, ಪ್ರಯಾಣಿಕರ ಗಾಡಿಗೆ ದೊಡ್ಡ ಅಪಘಾತ ಆದ್ರೆ 1989ರ ರೈಲ್ವೆ ಕಾಯ್ದೆ ಪ್ರಕಾರ ವಿಚಾರಣೆ ನಡೆಸೋದೂ ಅವರೇ. ಇವರು ರೈಲ್ವೆ ಸಚಿವಾಲಯದ ಕೆಳಗೆ ಬರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರ್ತಾರೆ. ಕೇಳೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ಅದಕ್ಕೊಂದು ಕಾರಣ ಇದೆ. ಗಾಡಿ ಓಡಿಸೋನೇ ಗಾಡಿ ಸರಿ ಇದೆ ಅಂತ ಸರ್ಟಿಫಿಕೇಟ್ ಕೊಡಬಾರದು ಅಂತ ಬ್ರಿಟಿಷರ ಕಾಲದಲ್ಲೇ ತೀರ್ಮಾನ ಆಗಿ 1941ರಲ್ಲಿ ಇನ್‌ಸ್ಪೆಕ್ಟರೇಟನ್ನ ಇಡೀ ರೈಲ್ವೆ ನಡೆಸೋ ರೈಲ್ವೆ ಬೋರ್ಡಿಂದ ಬಿಡಿಸಿ ಅಂಚೆ ಮತ್ತು ವಾಯು ಇಲಾಖೆಗೆ ಹಾಕಿದ್ರು, ಈಗಿನ ಹೆಸರು ಬಂದಿದ್ದು 1961ರಲ್ಲಿ.

ಉದ್ದೇಶ ಚೆನ್ನಾಗೇ ಇದೆ. ಆದ್ರೆ ಆಚರಣೆಯಲ್ಲಿ ನೋಡಿ, ಆಯುಕ್ತರಾಗಿ ಬರೋರು ರೈಲ್ವೆ ಅಧಿಕಾರಿಗಳೇ, ಅವರ ಸರ್ವಿಸ್ ಬೆಳೆದಿದ್ದೇ ಆ ಮನೆಯೊಳಗೆ. ಇಡೀ ದೇಶಕ್ಕೆ ಒಂಬತ್ತು ಸರ್ಕಲ್, ಮೇಲೊಬ್ಬರು ಮುಖ್ಯ ಆಯುಕ್ತರು ಲಕ್ನೋದಲ್ಲಿ. 69 ಸಾವಿರ ಕಿಲೋಮೀಟರಿನಷ್ಟು ಮಾರ್ಗ ಇರೋ ವ್ಯವಸ್ಥೆಗೆ ಇಷ್ಟು ಜನ. ಸಣ್ಣಪುಟ್ಟ ಹಳಿತಪ್ಪಿದ ಕೇಸುಗಳೆಲ್ಲ ಇವರ ತನಕ ಬರೋದೇ ಇಲ್ಲ, ಅವುಗಳ ವಿಚಾರಣೆ ಇಲಾಖೆಯೊಳಗಿನ ಅಧಿಕಾರಿಗಳ ಸಮಿತಿಗೆ, ಅಲ್ಲಿ ಎಂಜಿನಿಯರಿಂಗಿನವರು ಗಾಡಿ ಚಕ್ರದ ತಪ್ಪು ಅಂತಾರೆ, ಮೆಕ್ಯಾನಿಕಲ್‌ನವರು ಹಳಿ ತಪ್ಪು ಅಂತಾರೆ, ಇಬ್ರೂ ಸೇರಿ ಡ್ರೈವರ್ ಸ್ಪೀಡಲ್ಲಿದ್ದ ಅಂತಾರೆ, ಈ ಜಗಳ ರೈಲ್ವೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರೋದೇ. ಇನ್ನೂ ಮುಖ್ಯ ವಿಷಯ, ಆಯುಕ್ತರು ಕೊಡೋದು ಶಿಫಾರಸು ಮಾತ್ರ. ಒಪ್ಪೋದು ಬಿಡೋದು ರೈಲ್ವೆ ಬೋರ್ಡಿಗೆ ಬಿಟ್ಟಿದ್ದು. ಒಪ್ಪಿದ್ಮೇಲೆ ಜಾರಿ ಆಯ್ತಾ ಅಂತ ಕಿವಿ ಹಿಡಿದು ಕೇಳೋ ಅಧಿಕಾರ ಅವರಿಗೆ ಇಲ್ಲ.

ಇದನ್ನ ಸರಿ ಮಾಡಿ ಅಂತ ಹೇಳಿದವರು ಕಡಿಮೆ ಏನಿಲ್ಲ. 2012ರಲ್ಲಿ ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸಮಿತಿ 106 ಶಿಫಾರಸು ಕೊಟ್ಟಿತ್ತು. ಅದರಲ್ಲಿ ದೊಡ್ಡದು ಯಾವುದು ಅಂದ್ರೆ ಸರ್ಕಾರದ ಕಾಯ್ದೆಯಡಿ ಒಂದು ಸ್ವತಂತ್ರ ರೈಲ್ವೆ ಸುರಕ್ಷತಾ ಪ್ರಾಧಿಕಾರ ಮಾಡಿ ಅನ್ನೋದು, ರೈಲ್ವೆ ಬೋರ್ಡ್ ನಿಯಮ ಮಾಡೋದೂ ಅದೇ, ಗಾಡಿ ಓಡಿಸೋದೂ ಅದೇ, ನಿಯಮ ಪಾಲನೆ ಆಯ್ತಾ ಅಂತ ನೋಡೋದೂ ಅದೇ, ಇದು ನಡೆಯಲ್ಲ ಅಂತ ಸ್ಪಷ್ಟವಾಗಿ ಹೇಳಿದ್ರು. ಜೊತೆಗೆ ಐದು ವರ್ಷಕ್ಕೆ 1 ಲಕ್ಷ ಕೋಟಿ ಬೇಕು ಅಂತ ಲೆಕ್ಕ ಕೊಟ್ಟಿದ್ರು, ಲೆವೆಲ್ ಕ್ರಾಸಿಂಗ್ ತೆಗೆಯೋಕೆ 50 ಸಾವಿರ ಕೋಟಿ, 19 ಸಾವಿರ ಕಿಲೋಮೀಟರ್ ಮಾರ್ಗಕ್ಕೆ ಆಧುನಿಕ ಸಿಗ್ನಲ್ ಹಾಕೋಕೆ 20 ಸಾವಿರ ಕೋಟಿ, ಹಳೇ ಬೋಗಿ ಬದಲು ಅಪಘಾತದಲ್ಲಿ ಹೆಚ್ಚು ತಡೆದುಕೊಳ್ಳೋ ಎಲ್‌ಎಚ್‌ಬಿ ಬೋಗಿಗೆ 10 ಸಾವಿರ ಕೋಟಿ, ಹೀಗೆ. ಈ ಸಮಿತಿ ಹೇಳಿದ ಇನ್ನೊಂದು ಮಾತು ಯಾರೂ ನೆನಪಿಸಿಕೊಳ್ಳಲ್ಲ, ವರ್ಷಕ್ಕೆ ಸುಮಾರು 15 ಸಾವಿರ ಜನ ಹಳಿ ದಾಟುವಾಗ ಸಾಯ್ತಾರೆ, ಅದು ರೈಲ್ವೆಯ ಅಪಘಾತದ ಲೆಕ್ಕಕ್ಕೇ ಬರಲ್ಲ, ಯಾಕಂದ್ರೆ ಅವರು ಅತಿಕ್ರಮ ಪ್ರವೇಶ ಮಾಡಿದವರು!

ಶಿಫಾರಸಿನಲ್ಲಿ ದುಡ್ಡಿನ ಭಾಗ ಮಾತ್ರ ತಡವಾಗಿಯಾದ್ರೂ ಬಂತು. 2016ರ ನವೆಂಬರಿನಲ್ಲಿ ಕಾನ್ಪುರ ಹತ್ರ ಪುಖ್ರಾಯಾಂನಲ್ಲಿ ಇಂದೋರ್ ಪಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ 150ರಷ್ಟು ಜನ ಸತ್ತ ಮೇಲೆ 2017ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ರೈಲ್ ಸಂರಕ್ಷಾ ಕೋಶ ಅಂತ ಒಂದು ಸುರಕ್ಷತಾ ನಿಧಿ ಘೋಷಣೆ ಮಾಡಿದ್ರು, ಐದು ವರ್ಷಕ್ಕೆ 1 ಲಕ್ಷ ಕೋಟಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತ ಹೇಳಬಹುದು, ಆದ್ರೂ ಹಾಕಿದ್ರಲ್ಲ, ಅದಕ್ಕೆ ಮೆಚ್ಚಬೇಕು. ಇದು ಮೊದಲನೇದೂ ಅಲ್ಲ, 2001ರಲ್ಲಿ ರೈಲ್ವೆ ಸುರಕ್ಷತೆ ಬಗ್ಗೆ ಖನ್ನಾ ಸಮಿತಿ ವರದಿ ಆದ್ಮೇಲೆ 17 ಸಾವಿರ ಕೋಟಿಯ ವಿಶೇಷ ಸುರಕ್ಷತಾ ನಿಧಿ ಮಾಡಿದ್ರು, ಅದರಿಂದ ಹಳೇ ಹಳಿ, ಹಳೇ ಸೇತುವೆ ಎಷ್ಟೋ ಬದಲಾದವು.

ಈಗ ಸಂರಕ್ಷಾ ಕೋಶದ ಲೆಕ್ಕ ನೋಡಿ. ವರ್ಷಕ್ಕೆ 20 ಸಾವಿರ ಕೋಟಿ, ಅದರಲ್ಲಿ 15 ಸಾವಿರ ಕೋಟಿ ಕೇಂದ್ರ ಬಜೆಟ್ಟಿಂದ, ಉಳಿದ 5 ಸಾವಿರ ಕೋಟಿ ರೈಲ್ವೆ ತನ್ನ ದುಡಿಮೆಯಿಂದ ಹಾಕಬೇಕು. ಕೇಂದ್ರ ತನ್ನ ಪಾಲು ಹಾಕ್ತು. ರೈಲ್ವೆ? ಮಹಾಲೇಖಪಾಲರು ಅಂದ್ರೆ ಸಿಎಜಿ 2022ರ ಡಿಸೆಂಬರಿನಲ್ಲಿ ಸಂಸತ್ತಿಗೆ ಕೊಟ್ಟ ಹಳಿತಪ್ಪುವಿಕೆ ಕುರಿತ ವರದಿ ಪ್ರಕಾರ ನಾಲ್ಕು ವರ್ಷದಲ್ಲಿ 20 ಸಾವಿರ ಕೋಟಿ ಹಾಕಬೇಕಿದ್ದ ರೈಲ್ವೆ ಅದರಲ್ಲಿ 15,775 ಕೋಟಿ ಹಾಕಲೇ ಇಲ್ಲ, ಮುಕ್ಕಾಲಿಗಿಂತ ಜಾಸ್ತಿ ಬಾಕಿ. ಬಂದ ದುಡ್ಡನ್ನಾದ್ರೂ ಮೊದಲ ಆದ್ಯತೆಯ ಕೆಲಸಕ್ಕೆ ಅಂದ್ರೆ ಹಳಿ ಬದಲಾವಣೆ, ಸೇತುವೆ, ಸಿಗ್ನಲ್, ಲೆವೆಲ್ ಕ್ರಾಸಿಂಗಿಗೆ ಹಾಕಿದ್ರಾ ಅಂದ್ರೆ ಆ ಪಾಲು 2017-18ರಲ್ಲಿ ಶೇ. 81.55 ಇದ್ದದ್ದು 2019-20ಕ್ಕೆ ಶೇ. 73.76ಕ್ಕೆ ಇಳೀತು. ಹಳಿ ನವೀಕರಣಕ್ಕೆ ಕೊಟ್ಟ ದುಡ್ಡು ಒಂದೇ ವರ್ಷದಲ್ಲಿ 9,607 ಕೋಟಿಯಿಂದ 7,417 ಕೋಟಿಗೆ ಬಿತ್ತು.

ಹಾಗಾದ್ರೆ ಉಳಿದದ್ದು ಎಲ್ಲೋಯ್ತು? ಸಿಎಜಿಯವರು ನಾಲ್ಕು ತಿಂಗಳ ವೋಚರ್‌ಗಳನ್ನ ಸ್ಯಾಂಪಲ್ ತೆಗೆದು ನೋಡಿದ್ರು, ಹನ್ನೊಂದು ಸಾವಿರಕ್ಕೂ ಹೆಚ್ಚು ವೋಚರ್. ಅದರಲ್ಲಿ ಸಿಕ್ಕಿದ್ದೇನು ಅಂದ್ರೆ ಕಾಲು ಒತ್ತೋ ಮಸಾಜ್ ಯಂತ್ರ, ಪಿಂಗಾಣಿ ಪಾತ್ರೆ, ಚಳಿಗಾಲದ ಜಾಕೆಟ್ಟು, ಫರ್ನಿಚರ್, ಗಾರ್ಡನ್ ಕೆಲಸ. ಹೌದು, ಹಳಿ ಸುರಕ್ಷತೆ ದುಡ್ಡಲ್ಲಿ. ಸುಮಾರು 48 ಕೋಟಿ ಹೀಗೆ ತಪ್ಪು ಖಾತೆಗೆ ಹೋಗಿತ್ತು. 1 ಲಕ್ಷ ಕೋಟಿ ಮುಂದೆ 48 ಕೋಟಿ ಏನು ಮಹಾ ಅಂತ ಯಾರಾದ್ರೂ ಕೇಳಬಹುದು, ಮಸಾಜ್ ಯಂತ್ರದ ಸುದ್ದಿ ವೈರಲ್ ಆಯ್ತು, ಆದ್ರೆ ನಿಜ ಹೇಳ್ಬೇಕಂದ್ರೆ ದೊಡ್ಡ ವಿಷಯ ಅದಲ್ಲ, ಆ 15,775 ಕೋಟಿ. ನೆನಪಿರಲಿ, ಸ್ಯಾಂಪಲ್ ನೋಡಿದ್ದು ಪ್ರತಿ ಝೋನಲ್ಲಿ ಎರಡೇ ಡಿವಿಜನ್, ನಾಲ್ಕೇ ತಿಂಗಳು.

ರೈಲ್ವೆ ತನ್ನ ಪಾಲು ಯಾಕೆ ಹಾಕಲಿಲ್ಲ ಅನ್ನೋದಕ್ಕೆ ಉತ್ತರ ಆಪರೇಟಿಂಗ್ ರೇಷಿಯೋದಲ್ಲಿದೆ, ನೂರು ರೂಪಾಯಿ ಗಳಿಸೋಕೆ ಎಷ್ಟು ಖರ್ಚು ಅನ್ನೋ ಲೆಕ್ಕ. ಇದು ಹೆಚ್ಚಿನ ವರ್ಷ 98ರ ಆಸುಪಾಸಲ್ಲೇ ತೋರಿಸ್ತಾರೆ. ಅಂದ್ರೆ ಕೈಯಲ್ಲಿ ಉಳಿಯೋದೇ ಎರಡು ರೂಪಾಯಿ, ಅದರಲ್ಲಿ ಸುರಕ್ಷತಾ ನಿಧಿಗೆ ಎಷ್ಟು ಹಾಕ್ತಾರೆ? ಆ 98 ಕೂಡ ಪೂರ್ತಿ ನಿಜ ಅಲ್ಲ. 2017-18ರಲ್ಲಿ 98.44 ಅಂತ ತೋರಿಸಿದ್ರಲ್ಲ, ಸರ್ಕಾರಿ ಕಂಪನಿಗಳಾದ ಎನ್‌ಟಿಪಿಸಿ ಮತ್ತೆ ಇರ್ಕಾನ್‌ನಿಂದ ಮುಂಗಡ ದುಡ್ಡು ತಗೊಂಡು ಆ ವರ್ಷದ ಆದಾಯಕ್ಕೆ ಸೇರಿಸದೇ ಇದ್ದಿದ್ರೆ 102.66 ಆಗ್ತಿತ್ತು ಅಂತ ಸಿಎಜಿ ಹೇಳ್ತು. 2019-20ರದ್ದು ಇನ್ನೂ ಕೆಟ್ಟದು, ತೋರಿಸಿದ್ದು 98.36, ಪಿಂಚಣಿಗೆ ನಿಜವಾಗಿ ಆದ ಖರ್ಚು ಪೂರ್ತಿ ಹಿಡಿದ್ರೆ 114.35.

ಈ ರೇಷಿಯೋ ಚೆಂದ ಕಾಣೋಕೆ ಇನ್ನೊಂದು ಸುಲಭದ ದಾರಿ ಇದೆ, ಸವಕಳಿ ನಿಧಿಗೆ ಕಡಿಮೆ ಹಾಕೋದು. ಹಳಿ, ಎಂಜಿನ್, ಬೋಗಿ, ಸಿಗ್ನಲ್ ಎಲ್ಲಕ್ಕೂ ಒಂದು ಆಯಸ್ಸು ಇರುತ್ತೆ, ಅದು ಮುಗಿದಾಗ ಬದಲಾಯಿಸೋಕೆ ಅಂತ ವರ್ಷವರ್ಷ ತೆಗೆದಿಡಬೇಕಾದ ದುಡ್ಡು ಅದು. ಮನೆ ಹೆಂಚು ಬದಲಾಯಿಸೋಕೆ ಇಡಬೇಕಾದ ದುಡ್ಡು ಇಡದೆ ಈ ತಿಂಗಳು ಸಾಲ ಆಗಲಿಲ್ಲ ನೋಡು ಅಂತ ಹೇಳೋ ಯಜಮಾನನ ಕಥೆ. 2014-15ರಲ್ಲಿ 7,775 ಕೋಟಿ ಹಾಕಿದ್ರು, 2019-20ಕ್ಕೆ ಬರೋಷ್ಟರಲ್ಲಿ 400 ಕೋಟಿ. ಹೌದು ಸೊನ್ನೆ ಬಿಟ್ಟು ಹೋಗಿಲ್ಲ, ನಾನೂರೇ. 2020-21ರ ಕೊನೆಗೆ ಬದಲಾಯಿಸೋಕೆ ಬಾಕಿ ಉಳಿದಿದ್ದ ಹಳೇ ಆಸ್ತಿಯ ಮೊತ್ತ 94,873 ಕೋಟಿ ಅಂತ ಸಿಎಜಿ ಲೆಕ್ಕ. ಖರ್ಚು ಮುಂದಕ್ಕೆ ಹಾಕಿದ್ರೆ ಅದು ಲೆಕ್ಕದ ಪುಸ್ತಕದಲ್ಲಿ ಕಾಣಲ್ಲ, ಹಳಿ ಮೇಲೆ ಕಾಣುತ್ತೆ, ಅದೂ ಕೆಲವು ವರ್ಷ ಆದ್ಮೇಲೆ, ಅಷ್ಟರಲ್ಲಿ ಸಹಿ ಹಾಕಿದ ಅಧಿಕಾರಿ ರಿಟೈರ್ ಆಗಿರ್ತಾರೆ, ಸಚಿವರು ಬೇರೆ ಖಾತೆಯಲ್ಲಿ ಇರ್ತಾರೆ.

ಇದರ ಬೇರು ಟಿಕೆಟ್ ದರದಲ್ಲಿದೆ ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ. ಪ್ರಯಾಣಿಕರ ಗಾಡಿಯಿಂದ ಆಗೋ ನಷ್ಟನ ಗೂಡ್ಸ್ ಆದಾಯದಿಂದ ತುಂಬಿಸ್ತಾರೆ. 2025ರ ಜುಲೈ 1ರಿಂದ ನಾನ್ ಎಸಿ ಮೇಲ್ ಎಕ್ಸ್‌ಪ್ರೆಸ್ಸಿಗೆ ಕಿಲೋಮೀಟರಿಗೆ ಒಂದು ಪೈಸೆ, ಎಸಿಗೆ ಎರಡು ಪೈಸೆ ಏರಿಸಿದ್ದಕ್ಕೇ ಎಷ್ಟು ಗಲಾಟೆ ಆಯ್ತು. ಬಡವರ ಗಾಡಿ ದರ ಏರಿಸಿ ಅಂತ ನಾನು ಹೇಳ್ತಿಲ್ಲ, ಏರಿಸಲ್ಲ ಅಂದ್ರೆ ಆ ಸಬ್ಸಿಡಿನ ಬಜೆಟ್ಟಿಂದ ನೇರವಾಗಿ ಕೊಟ್ಟುಬಿಡಿ, ಹಳಿ ರಿಪೇರಿ ದುಡ್ಡಿಂದ ಗುಟ್ಟಾಗಿ ಕೊಡಬೇಡಿ ಅಂತ ಅಷ್ಟೇ.

ನ್ಯಾಯವಾಗಿ ಹೇಳ್ಬೇಕಂದ್ರೆ ಕಳೆದ ಕೆಲವು ವರ್ಷದಲ್ಲಿ ಬಂಡವಾಳ ಸುರಿದಿರೋದು ನಿಜ. 2023-24ರಲ್ಲಿ ಬಜೆಟ್ಟಿಂದಲೇ 2.40 ಲಕ್ಷ ಕೋಟಿ, ಆಮೇಲಿನ ಎರಡು ವರ್ಷ 2.52 ಲಕ್ಷ ಕೋಟಿ. ಸಂರಕ್ಷಾ ಕೋಶನೂ 2022-23ರಿಂದ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದ್ರು. ಬ್ರಾಡ್‌ಗೇಜ್ ಮಾರ್ಗದಲ್ಲಿ ಕಾವಲುಗಾರರಿಲ್ಲದ ಲೆವೆಲ್ ಕ್ರಾಸಿಂಗ್ ಒಂದೂ ಇಲ್ಲದ ಹಾಗೆ 2019ರ ಜನವರಿ ಕೊನೆಗೆ ಮುಗಿಸಿದ್ರು, ಇದು ಸಣ್ಣ ಸಾಧನೆ ಅಲ್ಲ, ಪ್ರತಿ ವರ್ಷ ಟ್ರ್ಯಾಕ್ಟರು, ಶಾಲಾ ವ್ಯಾನು, ಆಟೋ ಸಿಕ್ಕಿಹಾಕಿಕೊಂಡು ಎಷ್ಟು ಜನ ಸಾಯ್ತಿದ್ರು. ದೊಡ್ಡ ಪರಿಣಾಮದ ಅಪಘಾತಗಳು 2000-01ರಲ್ಲಿ 473 ಇದ್ದದ್ದು 2014-15ರಲ್ಲಿ 135, 2024-25ರಲ್ಲಿ 31 ಅಂತ ಸಚಿವಾಲಯ ಹೇಳುತ್ತೆ. ಸಂಖ್ಯೆ ಇಳಿದಿರೋದು ಖರೆ. ಆದ್ರೆ ಈ ಪಟ್ಟಿಗೆ ಸೇರೋಕೆ ಸಾವು, ಗಾಯ, ಆಸ್ತಿ ನಷ್ಟ ಇಲ್ಲಾ ಸಂಚಾರ ನಿಲ್ಲೋದು ಒಂದು ಮಟ್ಟ ದಾಟಬೇಕು. ಹೊಸದುರ್ಗ ರೋಡಿನ ಘಟನೆಯಂಥದ್ದು ಈ ಸಂಖ್ಯೆಗಳಲ್ಲಿ ಬರಲ್ಲ, ಯಾಕಂದ್ರೆ ಅಲ್ಲಿ ಏನೂ "ಆಗಲಿಲ್ಲ". ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳೇ ಮುಂದಿನದ್ದರ ಮುನ್ಸೂಚನೆ, ಅವುಗಳ ಲೆಕ್ಕ ಮಾತ್ರ ಪತ್ರಿಕಾ ಪ್ರಕಟಣೆಯಲ್ಲಿ ಇರಲ್ಲ.

ಮೇಂಟೆನೆನ್ಸ್ ವಿಷಯಕ್ಕೆ ಬಂದ್ರೆ ದುಡ್ಡಿಗಿಂತ ದೊಡ್ಡ ಕೊರತೆ ಟೈಮಿನದ್ದು. ಹಳಿ ಕತ್ತರಿಸಿ ಬದಲಾಯಿಸಬೇಕು ಅಂದ್ರೆ ಆ ಸೆಕ್ಷನ್ನಲ್ಲಿ ಗಾಡಿ ನಿಲ್ಲಿಸಬೇಕು, ಅದಕ್ಕೆ ಬ್ಲಾಕ್ ಅಂತಾರೆ. ಎಂಜಿನಿಯರಿಂಗಿನವರು ಬ್ಲಾಕ್ ಕೇಳ್ತಾರೆ, ಆಪರೇಟಿಂಗಿನವರು ಗಾಡಿ ಲೇಟ್ ಆಗುತ್ತೆ ಅಂತ ಕೊಡಲ್ಲ. ಒಂದೇ ಲೈನಿನ ಮೇಲೆ ವಂದೇ ಭಾರತ್ತೂ ಹೋಗಬೇಕು, ಪ್ಯಾಸೆಂಜರೂ ಹೋಗಬೇಕು, ಕಲ್ಲಿದ್ದಲು ಗೂಡ್ಸೂ ಹೋಗಬೇಕು, ಮಧ್ಯೆ ಎರಡು ಮೂರು ಗಂಟೆ ಖಾಲಿ ಸಿಗೋದೇ ಕಷ್ಟ. 2017ರ ಆಗಸ್ಟ್ 19ಕ್ಕೆ ಉತ್ತರ ಪ್ರದೇಶದ ಖತೌಲಿ ಹತ್ರ ಕಳಿಂಗ ಉತ್ಕಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿದ್ದು ಇದೇ ಕಾರಣಕ್ಕೆ. ಹಳಿ ಮೇಲೆ ಕೆಲಸ ನಡೀತಿತ್ತು, ಬ್ಲಾಕ್ ಸಿಕ್ಕಿರಲಿಲ್ಲ, ಡ್ರೈವರಿಗೆ ಗೊತ್ತಿರಲಿಲ್ಲ, ಗಾಡಿ ನೂರರ ಸ್ಪೀಡಲ್ಲಿ ಬಂದೇಬಿಡ್ತು. 20ಕ್ಕೂ ಹೆಚ್ಚು ಜನ ಸತ್ರು, ಬೋಗಿ ಹಳಿ ಪಕ್ಕದ ಮನೆಗೆ ನುಗ್ಗಿತ್ತು. ರೈಲ್ವೆ ಬೋರ್ಡ್ ಅಧ್ಯಕ್ಷರು ರಾಜೀನಾಮೆ ಕೊಟ್ರು, ಕೆಲವು ದಿನದಲ್ಲಿ ಸಚಿವರೂ ಬದಲಾದ್ರು. ಬ್ಲಾಕ್ ಕೊಡದೇ ಇರೋ ಅಭ್ಯಾಸ ಅಷ್ಟು ಬೇಗ ಬದಲಾಗಲಿಲ್ಲ, 2023ರ ಕೊನೆಗೆ ಬಂದು ವಾರಗಟ್ಟಲೆ ಮುಂಚೆಯೇ ಬ್ಲಾಕ್ ಪ್ಲಾನ್ ಮಾಡಬೇಕು ಅಂತ ನಿಯಮಕ್ಕೆ ಸೇರಿಸಿದ್ರು. ಸಿಎಜಿ ವರದಿಯಲ್ಲಿ ಇನ್ನೊಂದು ಸಂಖ್ಯೆ ಇದೆ, ಹಳಿ ತಪಾಸಣೆ ಮಾಡೋ ಟ್ರ್ಯಾಕ್ ರೆಕಾರ್ಡಿಂಗ್ ಕಾರಿನ ಓಡಾಟದಲ್ಲಿ ಶೇ. 30ರಿಂದ 100ರ ತನಕ ಕೊರತೆ. ನೂರು ಅಂದ್ರೆ ಹೋಗೇ ಇಲ್ಲ ಅಂತ. ಪರಿಶೀಲಿಸಿದ 1,129 ಹಳಿತಪ್ಪಿದ ವಿಚಾರಣಾ ವರದಿಗಳಲ್ಲಿ 422ಕ್ಕೆ ಎಂಜಿನಿಯರಿಂಗ್ ವಿಭಾಗ ಹೊಣೆ, ಅದರಲ್ಲೂ ಹಳಿ ಮೇಂಟೆನೆನ್ಸ್ ಕಾರಣಕ್ಕೆ ಆಗಿದ್ದೇ 171. ವಿಚಾರಣಾ ವರದಿಗಳು ಟೈಮಿಗೆ ಸರಿಯಾಗಿ ಸಲ್ಲಿಕೆ ಆಗದಿದ್ದದ್ದು ಶೇ. 63 ಕೇಸಲ್ಲಿ.

ಕೆಲಸ ಮಾಡೋ ಕೈಗಳದ್ದು ಇನ್ನೊಂದು ಕಥೆ. ಸುರಕ್ಷತೆಗೆ ಸಂಬಂಧಪಟ್ಟ ಹುದ್ದೆ ಸುಮಾರು 10 ಲಕ್ಷ, 2024ರ ಮಾರ್ಚಲ್ಲಿ ಅದರಲ್ಲಿ ಒಂದೂವರೆ ಲಕ್ಷ ಖಾಲಿ. ಕೀಮ್ಯಾನ್ ಅಂತ ಇರ್ತಾರೆ, ಕೈಯಲ್ಲಿ ಸುತ್ತಿಗೆ ಸ್ಪ್ಯಾನರ್ ಹಿಡ್ಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ದಿನಾ ನಡೆದು ಕ್ಲಿಪ್ ಸಡಿಲ ಆಗಿದ್ಯಾ, ವೆಲ್ಡಿಂಗ್ ಬಿಟ್ಟಿದ್ಯಾ ಅಂತ ನೋಡೋರು, ನಮ್ಮ ಎಷ್ಟೋ ಅಪಘಾತ ತಪ್ಪಿರೋದು ಇವರಿಂದಲೇ. ಒಬ್ಬರ ಜಾಗ ಖಾಲಿ ಬಿದ್ರೆ ಪಕ್ಕದವರ ಬೀಟ್ ಉದ್ದ ಆಗುತ್ತೆ, ಮಳೆಗಾಲದಲ್ಲಿ ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯಂಥ ಕಡೆ ರಾತ್ರಿ ಗಸ್ತು ಬೇರೆ. ಅದೇ ಘಾಟಿಯಲ್ಲಿ 2024ರ ಜುಲೈ ಕೊನೆಗೆ ಯಡಕುಮೇರಿ ಹತ್ರ ಗುಡ್ಡ ಜರಿದು ದಿನಗಟ್ಟಲೆ ಗಾಡಿ ನಿಂತಿದ್ದು ನೆನಪಿರಬಹುದು.

ಲೋಕೋ ಪೈಲಟ್‌ಗಳದ್ದಂತೂ, ಅಪಘಾತ ಆದ ಕೂಡಲೇ ಮೊದಲು ಬೆರಳು ತೋರಿಸೋದು ಅವರ ಕಡೆಗೇ. 2024ರ ಜೂನ್ 17ಕ್ಕೆ ಪಶ್ಚಿಮ ಬಂಗಾಳದ ರಂಗಾಪಾನಿ ಹತ್ರ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿಂದ ಗೂಡ್ಸ್ ಗುದ್ದಿದಾಗ ಅವತ್ತೇ ರೈಲ್ವೆ ಬೋರ್ಡ್ ಕಡೆಯಿಂದ ಬಂದ ಮಾತು, ಗೂಡ್ಸ್ ಡ್ರೈವರ್ ಸಿಗ್ನಲ್ ಮೀರಿದ್ರು ಅಂತ. ಆ ಡ್ರೈವರ್ ಸತ್ತೇ ಹೋಗಿದ್ರು, ಉತ್ತರ ಕೊಡೋಕೆ ಇರಲಿಲ್ಲ. ಆಮೇಲೆ ಸುರಕ್ಷತಾ ಆಯುಕ್ತರ ವರದಿ ಬಂದಾಗ ಚಿತ್ರವೇ ಬೇರೆ. ಬೆಳಗ್ಗೆಯಿಂದ ಆಟೋಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು, ಗಾಡಿಗಳಿಗೆ ಸಿಗ್ನಲ್ ದಾಟೋಕೆ ಪೇಪರ್ ಕೊಟ್ಟು ಕಳಿಸ್ತಿದ್ರು, ಎಷ್ಟು ಸ್ಪೀಡಲ್ಲಿ ಹೋಗಬೇಕು ಅಂತ ಅದರಲ್ಲಿ ಇರಲಿಲ್ಲ. ಅವತ್ತು ಆ ಸೆಕ್ಷನ್ನಿಗೆ ಹೋದ ಏಳು ಗಾಡಿಗಳಲ್ಲಿ 15 ಕಿಲೋಮೀಟರ್ ಮೀರಬಾರದು, ಪ್ರತಿ ಕೆಟ್ಟ ಸಿಗ್ನಲ್ಲಿಗೂ ನಿಲ್ಲಬೇಕು ಅನ್ನೋ ನಿಯಮ ಪಾಲಿಸಿದ್ದು ಒಂದೇ, ಅದೂ ಗುದ್ದಿಸಿಕೊಂಡ ಕಾಂಚನಜುಂಗಾ! ಉಳಿದ ಆರೂ ಪಾಲಿಸಿಲ್ಲ ಅಂದ್ರೆ ಆರು ಜನ ಡ್ರೈವರ್ ಒಟ್ಟಿಗೆ ಕೆಟ್ಟವರಾದ್ರಾ, ಅವರಿಗೆ ಆ ನಿಯಮ ಸರಿಯಾಗಿ ಹೇಳಿಕೊಟ್ಟಿರಲಿಲ್ವಾ? ಇದು ಆಗೋಕೆ ಕಾಯ್ತಿದ್ದ ಅಪಘಾತ ಅಂತಾನೇ ವರದಿ ಹೇಳ್ತು, ಟ್ರೈನಿಂಗ್ ಕೊರತೆ ಕಡೆ ಬೆಟ್ಟು ಮಾಡ್ತು. ಅದಾದ್ಮೇಲೆ ಸಹಾಯಕ ಲೋಕೋ ಪೈಲಟ್ ನೇಮಕಾತಿ ಸಂಖ್ಯೆನ 5,696ರಿಂದ 18,799ಕ್ಕೆ ಏರಿಸಿದ್ರು. ಅಲ್ಲಿ ತನಕ ಅಷ್ಟು ಜನ ಬೇಕು ಅಂತ ಗೊತ್ತಿರಲಿಲ್ವಾ ಅಂತ ಕೇಳಿದ್ರೆ ಹಾರಿಕೆ ಉತ್ತರ ಸಿಗುತ್ತೆ.

ಕವಚ್ ಬಗ್ಗೆ ಎಲ್ರೂ ಮಾತಾಡ್ತಾರೆ, ನಾನು ಚಿಕ್ಕದಾಗಿ ಹೇಳ್ತೀನಿ. ಗಾಡಿ ಕೆಂಪು ಸಿಗ್ನಲ್ ದಾಟೋಕೆ ಹೋದ್ರೆ ತಾನೇ ಬ್ರೇಕ್ ಹಾಕೋ ವ್ಯವಸ್ಥೆ, ನಮ್ಮಲ್ಲೇ ಮಾಡಿದ್ದು, ಒಳ್ಳೇದು. 2020ರ ಜುಲೈನಲ್ಲಿ ರಾಷ್ಟ್ರೀಯ ವ್ಯವಸ್ಥೆ ಅಂತ ಒಪ್ಪಿದ್ರು. ರಂಗಾಪಾನಿ ಅಪಘಾತ ಆಗೋ ಹೊತ್ತಿಗೆ ದಕ್ಷಿಣ ಮಧ್ಯ ರೈಲ್ವೆಯ 1,465 ಕಿಲೋಮೀಟರಲ್ಲಿ ಇತ್ತು, 2024ರ ಜುಲೈನಲ್ಲಿ 4.0 ಆವೃತ್ತಿ ಬಂತು, 2025ರ ಜುಲೈನಲ್ಲಿ ಮಥುರಾ ಕೋಟಾ ಮಾರ್ಗದಲ್ಲಿ ಶುರು ಆಯ್ತು. ಕಾಕೋಡ್ಕರ್ ಸಮಿತಿ 2012ರಲ್ಲಿ ಐದು ವರ್ಷಕ್ಕೆ ಅಂದಿದ್ದು 19 ಸಾವಿರ ಕಿಲೋಮೀಟರ್. ಇನ್ನೊಂದು, ಬಹನಗಾದಲ್ಲಿ ಕವಚ್ ಇದ್ದಿದ್ರೂ ಉಪಯೋಗ ಆಗ್ತಿರಲಿಲ್ಲ ಅಂತ ರೈಲ್ವೆಯವರೇ ಹೇಳಿದ್ರು, ಅದು ಸರಿನೇ ಇರಬಹುದು, ಸಿಗ್ನಲ್ಲೇ ಹಸಿರು ಇದ್ದಾಗ ಕವಚ್ ಯಾಕೆ ಬ್ರೇಕ್ ಹಾಕುತ್ತೆ? ಯಂತ್ರ ಎಷ್ಟೇ ಹಾಕಿದ್ರೂ ಲೋಕೇಶನ್ ಬಾಕ್ಸಿನ ಹೆಸರು ಸರಿ ಇದ್ಯಾ ಅಂತ ಒಬ್ಬ ಮನುಷ್ಯ ಹೋಗಿ ನೋಡಿ ಸಹಿ ಹಾಕಬೇಕು, ಆ ಸಹಿ ನಿಜವಾ ಅಂತ ಇನ್ನೊಬ್ಬ ನೋಡಬೇಕು.

ಹಾಗಾದ್ರೆ ಸಂಸತ್ತು ಏನು ಮಾಡುತ್ತೆ? 1924ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇತ್ತು, 2017ರಿಂದ ಸಾಮಾನ್ಯ ಬಜೆಟ್ಟಿಗೆ ಸೇರಿಸಿದ್ರು. ಹಳೇ ರೈಲ್ವೆ ಬಜೆಟ್ ದಿನ ನಮ್ಮೂರಿಗೆ ಯಾವ ಹೊಸ ಗಾಡಿ, ಎಲ್ಲಿ ಸ್ಟಾಪ್ ಅನ್ನೋದೇ ಜಾಸ್ತಿ ಇತ್ತು, ಹಾಗಾಗಿ ಅದು ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ವರ್ಷಕ್ಕೊಂದು ಸಲ ಇಡೀ ದೇಶ ರೈಲ್ವೆ ಲೆಕ್ಕದ ಕಡೆ ತಿರುಗಿ ನೋಡ್ತಿತ್ತಲ್ಲ, ಅದು ಹೋಯ್ತು. ಈಗ ಹಣಕಾಸು ಸಚಿವರ ಭಾಷಣದಲ್ಲಿ ರೈಲ್ವೆಗೆ ಒಂದೆರಡು ಸಾಲು ಸಿಕ್ಕಿದ್ರೆ ಜಾಸ್ತಿ, ಆಮೇಲೆ ರೈಲ್ವೆ ಸಚಿವರು ರಾಜ್ಯಕ್ಕಿಷ್ಟು ಅಂತ ಹಂಚಿ ಹೇಳ್ತಾರೆ, ಕರ್ನಾಟಕಕ್ಕೆ 2025-26ರಲ್ಲಿ 7,564 ಕೋಟಿ ಅಂತ ಬಂತು, ನಮ್ಮ ಸುದ್ದಿ ಅಲ್ಲಿಗೇ ಮುಗೀತು. ಅದರಲ್ಲಿ ಹೊಸ ಲೈನಿಗೆಷ್ಟು, ಹಳೇ ಹಳಿ ಬದಲಾಯಿಸೋಕೆ ಎಷ್ಟು ಅಂತ ನಮ್ಮ ಎಂಪಿಗಳು ಕೇಳಿದ್ದು ನಾನಂತೂ ನೋಡಿಲ್ಲ, ಸ್ಟಾಪ್ ಕೊಡಿ ಅಂತ ಮನವಿ ಕೊಡೋ ಫೋಟೋ ಮಾತ್ರ ದಿನಾ ಕಾಣುತ್ತೆ. ಸ್ಥಾಯಿ ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕೆಲಸ ಮಾಡುತ್ತೆ, ಒಳ್ಳೇ ವರದಿ ಕೊಡುತ್ತೆ, ಸರ್ಕಾರ ಕ್ರಮ ಕೈಗೊಂಡ ಟಿಪ್ಪಣಿ ಅಂತ ಒಂದು ಉತ್ತರ ಕೊಡುತ್ತೆ, ಆ ಉತ್ತರದಲ್ಲಿ "ಗಮನಿಸಲಾಗಿದೆ" ಅಂತ ಇರುತ್ತೆ.

ಬೇರೆ ಕಡೆ ಹೇಗೆ ಅಂತ ನೋಡೋದಾದ್ರೆ ಬ್ರಿಟನ್ ಉದಾಹರಣೆ ಸಾಕು, ಅದೂ ಅವರು ಕೆಟ್ಟು ಕಲಿತದ್ದು. 2000ದ ಅಕ್ಟೋಬರ್ 17ಕ್ಕೆ ಹ್ಯಾಟ್‌ಫೀಲ್ಡ್ ಅನ್ನೋ ಕಡೆ ಗಾಡಿ ಹೋಗ್ತಿದ್ದಾಗ ಹಳಿ ಚೂರುಚೂರಾಯ್ತು, ನಾಲ್ಕು ಜನ ಸತ್ರು. ಆ ಹಳಿ ಕೆಟ್ಟಿದೆ ಅಂತ ಮೊದಲೇ ಗೊತ್ತಿತ್ತು, ಬದಲಾಯಿಸೋದು ಮುಂದಕ್ಕೆ ಹೋಗಿತ್ತು. ಹಳಿ ಜವಾಬ್ದಾರಿ ಇದ್ದ ರೈಲ್‌ಟ್ರ್ಯಾಕ್ ಅನ್ನೋ ಖಾಸಗಿ ಕಂಪನಿ ಒಂದು ವರ್ಷದಲ್ಲಿ ಮುಳುಗಿತು. ಹ್ಯಾಟ್‌ಫೀಲ್ಡಿಗಿಂತ ಒಂದು ವರ್ಷ ಮುಂಚೆ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಎರಡು ಗಾಡಿ ಡಿಕ್ಕಿಯಾಗಿ 31 ಜನ ಸತ್ತಿದ್ರಲ್ಲ, ಅದರ ವಿಚಾರಣೆಯ ಶಿಫಾರಸಿನಂತೆ 2005ರಲ್ಲಿ ಅಪಘಾತ ತನಿಖೆಗೇ ಪ್ರತ್ಯೇಕ ಸಂಸ್ಥೆ ಶುರು ಮಾಡಿದ್ರು. ಇವರ ಕೆಲಸ ಯಾರನ್ನ ಜೈಲಿಗೆ ಹಾಕಬೇಕು ಅನ್ನೋದಲ್ಲ, ಯಾಕಾಯ್ತು ಅನ್ನೋದು. ವರದಿ ಪೂರ್ತಿ ಸಾರ್ವಜನಿಕವಾಗಿ ಹಾಕ್ತಾರೆ. ಪ್ರತಿ ಶಿಫಾರಸೂ ಬೇರೊಂದು ನಿಯಂತ್ರಕ ಸಂಸ್ಥೆಗೆ ಹೋಗುತ್ತೆ, ಯಾವುದು ಜಾರಿ ಆಯ್ತು ಯಾವುದು ಆಗಲಿಲ್ಲ ಅಂತ ಆ ಸಂಸ್ಥೆ ವಾಪಸ್ ತಿಳಿಸಲೇಬೇಕು. ಅದೇ ನಿಯಂತ್ರಕರು ಐದೈದು ವರ್ಷಕ್ಕೆ ಹಳಿ ಮೇಂಟೆನೆನ್ಸಿಗೆ ಎಷ್ಟು ದುಡ್ಡು ಬೇಕು, ಅದರಿಂದ ಏನು ಕೆಲಸ ಆಗಬೇಕು ಅಂತ ಪರಿಶೀಲಿಸ್ತಾರೆ. ಅಲ್ಲೂ ಗಾಡಿ ಲೇಟ್ ಆಗುತ್ತೆ, ಟಿಕೆಟ್ ದರ ಕೇಳಿದ್ರೆ ತಲೆ ತಿರುಗುತ್ತೆ, ಆದ್ರೆ ಈ ಒಂದು ಸರಪಳಿ ಅಲ್ಲಿದೆ, ನಮ್ಮಲ್ಲಿಲ್ಲ.

ನಮ್ಮಲ್ಲಿ ಅವಕಾಶ ಬಂದಿರಲಿಲ್ಲ ಅಂತಲ್ಲ. 2017ರ ಏಪ್ರಿಲ್‌ನಲ್ಲಿ ರೈಲ್ ಅಭಿವೃದ್ಧಿ ಪ್ರಾಧಿಕಾರಕ್ಕೆ ಸಂಪುಟ ಒಪ್ಪಿಗೆ ಕೊಡ್ತು, ದರ ನಿಗದಿ ಬಗ್ಗೆ ಸಲಹೆ ಕೊಡೋದು ಅದರ ಮುಖ್ಯ ಕೆಲಸ, ಅದು ಕಾಗದದಲ್ಲೇ ಉಳೀತು. ಆಮೇಲೆ 1905ರ ರೈಲ್ವೆ ಬೋರ್ಡ್ ಕಾಯ್ದೆನ ತೆಗೆದು 1989ರ ಕಾಯ್ದೆಯೊಳಗೆ ಸೇರಿಸೋ ತಿದ್ದುಪಡಿ ಮಸೂದೆ ಬಂತು, 2024ರ ಡಿಸೆಂಬರಿನಲ್ಲಿ ಲೋಕಸಭೆ, 2025ರ ಮಾರ್ಚಲ್ಲಿ ರಾಜ್ಯಸಭೆ ಒಪ್ಪಿತು. ಬಹನಗಾ ಆಗಿತ್ತು, ರಂಗಾಪಾನಿ ಆಗಿತ್ತು, ಸಿಎಜಿ ವರದಿ ಮೇಜಿನ ಮೇಲಿತ್ತು, ಬೋರ್ಡಿನ ರಚನೆ ಬಗ್ಗೆಯೇ ಕಾಯ್ದೆ ತಿದ್ದುತಿದ್ರು. ಸ್ವತಂತ್ರ ನಿಯಂತ್ರಕ ಬೇಕು ಅಂತ ಚರ್ಚೆಯಲ್ಲಿ ಪ್ರತಿಪಕ್ಷದವರು ಕೇಳಿದ್ರು. ಕಾಯ್ದೆಯಲ್ಲಿ ಅದು ಬರಲಿಲ್ಲ, ಬೋರ್ಡಿನ ಅಧಿಕಾರ ಮೊದಲು ಹೇಗಿತ್ತೋ ಹಾಗೇ ಮುಂದುವರೀತು, ಆಯುಕ್ತರ ಶಿಫಾರಸು ಶಿಫಾರಸಾಗಿಯೇ ಉಳೀತು.

ಪೂರ್ತಿ ಪ್ರಾಧಿಕಾರ ಆಗೋ ತನಕ ಕಾಯಬೇಕಿಲ್ಲ, ಈಗಲೇ ಮಾಡಬಹುದಾದ್ದು ಇದೆ. ಸುರಕ್ಷತಾ ಆಯುಕ್ತರ ಪ್ರತಿ ವರದಿನೂ ಬೋರ್ಡಿಗೆ ಹೋದ ಇಂತಿಷ್ಟು ದಿನದಲ್ಲಿ ಜನಕ್ಕೆ ಸಿಗಬೇಕು, ಸಿಬಿಐ ತನಿಖೆ ಇರಲಿ ಇಲ್ಲದಿರಲಿ. ಯಾವ ಶಿಫಾರಸು ಯಾವ ಝೋನಲ್ಲಿ ಬಾಕಿ ಇದೆ ಅನ್ನೋ ಪಟ್ಟಿ ಪ್ರತಿ ಅಧಿವೇಶನದಲ್ಲಿ ಸದನದ ಮುಂದೆ ಬರಬೇಕು. ಸವಕಳಿ ನಿಧಿಗೆ ವರ್ಷಕ್ಕೆ ಕನಿಷ್ಠ ಎಷ್ಟು ಹಾಕಬೇಕು ಅಂತ ಆಸ್ತಿಯ ವಯಸ್ಸು ನೋಡಿ ಬೋರ್ಡಿನ ಹೊರಗಿನವರು ನಿಗದಿ ಮಾಡಬೇಕು, ಆ ವರ್ಷದ ರೇಷಿಯೋ ಹೇಗೆ ಕಾಣುತ್ತೆ ಅಂತ ನೋಡಿ ಅಲ್ಲ. ತುಮಕೂರಿನ ಎಂಪಿಯಾಗಿರೋ ಸೋಮಣ್ಣನವರು 2024ರ ಜೂನ್‌ನಿಂದ ರೈಲ್ವೆ ರಾಜ್ಯ ಸಚಿವರು, ಊರೂರಲ್ಲಿ ಕಾಮಗಾರಿ ಪರಿಶೀಲನೆ ಮಾಡ್ತಾ ಇರ್ತಾರೆ, ಯಾವ ಯೋಜನೆ ಯಾವಾಗ ಮುಗಿಯುತ್ತೆ ಅಂತ ಪತ್ರಕರ್ತರು ಕೇಳ್ತಾನೂ ಇರ್ತಾರೆ. ಮುಂದಿನ ಸಲ ಯಾರಾದ್ರೂ ಹೊಸದುರ್ಗ ರೋಡಿನ ಪತ್ರಕ್ಕೆ ಏನು ಉತ್ತರ ಹೋಯ್ತು, ನೈಋತ್ಯ ರೈಲ್ವೆಯಲ್ಲಿ ಎಷ್ಟು ಲೋಕೇಶನ್ ಬಾಕ್ಸ್ ತೆರೆದು ವೈರಿಂಗ್ ನಕ್ಷೆ ಜೊತೆ ತಾಳೆ ನೋಡಿದ್ರಿ ಅಂತ ಕೇಳಲಿ.